ಬಟ್ಲರ್ ಕಾಣದ ಕೆರೆ

ಖಾನಾಪುರ, ಬೆಳಗಾವಿ ದಾಟಿ ಮೀರಜ್ ಕಡೆ ಸಾಗುವ ರೈಲು ಘಟಪ್ರಭಾ ನಿಲ್ದಾಣ ಮುಟ್ಟುವ ಹೊತ್ತಿಗೆ ಕಿಟಕಿಯಾಚೆಯ ನೋಟವೇ ಬೇರೆ. ಖಾನಾಪುರದ ದಟ್ಟ ಕಾಡು, ಬೆಳಗಾವಿಯ ಭತ್ತದ ಗದ್ದೆಗಳು ಹಿಂದೆ ಸರಿದು ಕಬ್ಬು, ಗೋವಿನಜೋಳದ ಬಯಲು ತೆರೆದುಕೊಂಡಿರುತ್ತದೆ. ನಿಲ್ದಾಣದಿಂದ ತುಸು ದೂರದಲ್ಲೇ ಧೂಪದಾಳ. ಚಳಿಗಾಲದ ಬೆಳಿಗ್ಗೆ ಮಂಜು ಕರಗುವ ಮುನ್ನ ಅಲ್ಲಿ ನಿಂತರೆ ಮೊದಲು ಕಾಣುವುದು ನೀರು, ಬರೀ ನೀರು. ಆಮೇಲೆ ಒಂದೊಂದಾಗಿ ನೀರುಕಾಗೆ, ಬೆಳ್ಳಕ್ಕಿ, ಮಿಂಚುಳ್ಳಿ.

ಇದು ಘಟಪ್ರಭಾ ಪಕ್ಷಿಧಾಮ. 1974ರಲ್ಲಿ ಘೋಷಣೆಯಾದದ್ದು. ವಿಸ್ತೀರ್ಣ 29.78 ಚದರ ಕಿಲೋಮೀಟರ್. ಇಷ್ಟು ದೊಡ್ಡ ಕೆರೆಯನ್ನು ಕಂಡವರು ಇದು ಅನಾದಿ ಕಾಲದಿಂದ ಹಕ್ಕಿಗಳ ತವರು ಎಂದುಕೊಂಡರೆ ಆಶ್ಚರ್ಯವಿಲ್ಲ. ನಾನೂ ಹಾಗೆಯೇ ತಿಳಿದಿದ್ದೆ. ಆದರೆ ಇದರ ವಯಸ್ಸು ಒಂದೂಕಾಲು ಶತಮಾನಕ್ಕಿಂತ ಸ್ವಲ್ಪ ಹೆಚ್ಚು, ಅಷ್ಟೇ.

ಇದಕ್ಕೆ ಒಬ್ಬ ಸಾಕ್ಷಿದಾರನಿದ್ದಾನೆ. ಹೆಸರು ಎಡ್ವರ್ಡ್ ಆರ್ಥರ್ ಬಟ್ಲರ್. ಬ್ರಿಟಿಷ್ ಸೈನ್ಯದ ಅಧಿಕಾರಿ. 1879–80ರ ಸುಮಾರಿಗೆ ಬೆಳಗಾವಿಯಲ್ಲಿದ್ದು, ಬಿಡುವಿನಲ್ಲೆಲ್ಲ ಹಕ್ಕಿಗಳ ಬೆನ್ನು ಹತ್ತುತ್ತಿದ್ದ. ಇಂದು ಹಕ್ಕಿ ನೋಡುವವರ ಕೈಯಲ್ಲಿ ದುರ್ಬೀನು ಇರುತ್ತದೆ. ಆಗಿನವರ ಕೈಯಲ್ಲಿ ಇರುತ್ತಿದ್ದುದು ಬಂದೂಕು! ಹೊಡೆದು, ಚರ್ಮ ಸುಲಿದು, ಹತ್ತಿ ತುಂಬಿ ಇಟ್ಟರಷ್ಟೇ ‘ಕಂಡದ್ದು’ ಎಂದು ವಿದ್ವಾಂಸರು ನಂಬುತ್ತಿದ್ದರು. 1881ರಲ್ಲಿ ಆತ ದಖ್ಖನ್ ಮತ್ತು ದಕ್ಷಿಣ ಮರಾಠಾ ಪ್ರಾಂತ್ಯದ ಪಕ್ಷಿಗಳ ಪಟ್ಟಿಯೊಂದನ್ನು ಪ್ರಕಟಿಸಿದ. ತಲೆಬರಹದಲ್ಲೇ ಅದು ‘ತಾತ್ಕಾಲಿಕ’ ಪಟ್ಟಿ ಎಂದು ಹೇಳಿಕೊಂಡದ್ದು ಮೆಚ್ಚತಕ್ಕ ಸಂಗತಿ. ಬಲೂಚಿಸ್ತಾನದ ಮಕ್ರಾನ್ ಕರಾವಳಿಯ ಗೂಬೆಯೊಂದಕ್ಕೆ ಈತನ ಹೆಸರೇ ಇದೆ.

ಪಟ್ಟಿ ಅಚ್ಚಾದದ್ದು ‘ಸ್ಟ್ರೇ ಫೆದರ್ಸ್’ ಎಂಬ ಪತ್ರಿಕೆಯಲ್ಲಿ. ಅದರ ಸಂಪಾದಕ ಯಾರು ಗೊತ್ತೇ? ಅಲನ್ ಆಕ್ಟೇವಿಯನ್ ಹ್ಯೂಮ್. ಶಾಲೆಯ ಪುಸ್ತಕದಲ್ಲಿ ಕಾಂಗ್ರೆಸ್ ಸ್ಥಾಪಕನೆಂದು ನಾವೆಲ್ಲ ಓದಿದ ಅದೇ ಹ್ಯೂಮ್. ಭಾರತದ ಹಕ್ಕಿಗಳ ಮೇಲೆ ಮಹಾಗ್ರಂಥ ಬರೆಯಬೇಕೆಂದು ಆತ ವರ್ಷಗಟ್ಟಲೆ ಕೂಡಿಸಿದ್ದ ಹಸ್ತಪ್ರತಿಗಳನ್ನು ಶಿಮ್ಲಾದ ಮನೆಯ ಆಳೊಬ್ಬ ರದ್ದಿ ಕಾಗದವೆಂದು ಬಜಾರಿಗೆ ಮಾರಿಬಿಟ್ಟ. ಮನಸ್ಸು ಮುರಿದ ಹ್ಯೂಮ್ 1885ರಲ್ಲಿ ತನ್ನ ಸಂಗ್ರಹವನ್ನೆಲ್ಲ ಬ್ರಿಟಿಷ್ ಮ್ಯೂಸಿಯಂಗೆ ಕೊಟ್ಟ. ಕಾಂಗ್ರೆಸ್ ಹುಟ್ಟಿದ್ದೂ ಅದೇ ವರ್ಷ. ಆ ಕಾಂಗ್ರೆಸ್ಸಿನ ಅಧಿವೇಶನ 1924ರ ಡಿಸೆಂಬರಿನ ಚಳಿಯಲ್ಲಿ, ಗಾಂಧೀಜಿ ಅಧ್ಯಕ್ಷತೆಯಲ್ಲಿ ನಡೆದದ್ದು ಬಟ್ಲರ್ ಹಕ್ಕಿ ಹುಡುಕುತ್ತಿದ್ದ ಬೆಳಗಾವಿಯಲ್ಲೇ. ಇತಿಹಾಸ ಕೆಲವೊಮ್ಮೆ ಹೀಗೆ ಸುತ್ತು ಹಾಕಿ ಬರುತ್ತದೆ.

ಇರಲಿ, ಕೆರೆಗೆ ಬರೋಣ. ಬಟ್ಲರ್ ಪಟ್ಟಿ ಅಚ್ಚಾದಾಗ ಧೂಪದಾಳದಲ್ಲಿ ಕೆರೆಯೇ ಇರಲಿಲ್ಲ. ಮಳೆಗಾಲದಲ್ಲಿ ಉಕ್ಕಿ, ಬೇಸಿಗೆಯಲ್ಲಿ ಸೊರಗುವ ಹೊಳೆ ಇತ್ತು. ಹಿರಿಯರು ಧಾತು ಈಶ್ವರ ಬರವೆಂದು ನೆನೆಯುತ್ತಿದ್ದ 1876–78ರ ಮಹಾಬರ ಆಗಷ್ಟೇ ಮುಗಿದಿತ್ತು. ಮುಂಬಯಿ ಸರ್ಕಾರ 1883ರಲ್ಲಿ ಇಲ್ಲಿ ಹೊಳೆಗೆ ಒಡ್ಡು ಕಟ್ಟಲು ಕೈಹಾಕಿತು. ಕೆಲಸ ಮುಗಿದದ್ದು 1897ರಲ್ಲಿ. ಒಡ್ಡಿನಿಂದ ಹೊರಟ ಎಡದಂಡೆ ಕಾಲುವೆ 71 ಕಿಲೋಮೀಟರ್ ಹರಿದು ಹೊಲಗಳಿಗೆ ನೀರುಣಿಸಿತು. ಕಟ್ಟಿದವರ ಲೆಕ್ಕದಲ್ಲಿ ಇದ್ದದ್ದು ಎಕರೆ ಮತ್ತು ಬೆಳೆ. ಹಕ್ಕಿಗಳನ್ನು ಯಾರೂ ಕರೆದಿರಲಿಲ್ಲ, ತಾವಾಗಿ ಬಂದವು. ನಿಂತ ನೀರು, ಹೂಳು, ನಡುಗಡ್ಡೆ, ಪಕ್ಕದಲ್ಲೇ ಕಾಳಿನ ಹೊಲ: ಇನ್ನೇನು ಬೇಕು?

ಚಳಿಗಾಲದ ಅತಿಥಿಗಳಲ್ಲಿ ಇಬ್ಬರು ದೂರದವರು. ಒಂದು ಬಿಳಿ ಕೊಕ್ಕರೆ. ಹಕ್ಕಿಗಳು ಚಳಿಗಾಲದಲ್ಲಿ ಎಲ್ಲಿ ಹೋಗುತ್ತವೆ ಎಂಬ ಒಗಟಿಗೆ ಯುರೋಪಿಗೆ ಸುಳಿವು ಕೊಟ್ಟದ್ದು ಈ ಜಾತಿಯೇ. 1822ರಲ್ಲಿ ಜರ್ಮನಿಯಲ್ಲಿ ಹೊಡೆದ ಕೊಕ್ಕರೆಯೊಂದರ ಕುತ್ತಿಗೆಯಲ್ಲಿ ಆಫ್ರಿಕದ ಬಾಣ ಸಿಕ್ಕಿಕೊಂಡಿತ್ತು! ಅದು ಬಾಣ ಹೊತ್ತೇ ಹಾರಿ ಬಂದಿತ್ತು. ಇನ್ನೊಂದು ಡೆಮೊಯ್ಸೆಲ್ ಕ್ರೇನ್. ಬೂದು ಮೈ, ಕಪ್ಪು ಕುತ್ತಿಗೆ, ಕಣ್ಣಿನ ಹಿಂದೆ ಬಿಳಿ ಗರಿಯ ಕುಚ್ಚು. ಕ್ರೇನ್ ಜಾತಿಗಳಲ್ಲೆಲ್ಲ ಚಿಕ್ಕದು, ಎತ್ತರ ಸುಮಾರು ಮೂರಡಿ. ಮಧ್ಯ ಏಷ್ಯಾ, ಮಂಗೋಲಿಯಾದ ಹುಲ್ಲುಗಾವಲಲ್ಲಿ ಮರಿ ಮಾಡಿ, ಹಿಮಾಲಯದ ಕಣಿವೆಗಳ ಮೇಲೆ ಹಾರಿ ಭಾರತಕ್ಕೆ ಬರುವ ಹಕ್ಕಿ ಇದು. ಹಗಲು ಹೊಲದಲ್ಲಿ ಕಾಳು, ಶೇಂಗಾ ಹೆಕ್ಕುತ್ತದೆ. ರಾತ್ರಿ ತೆಳು ನೀರಿನಲ್ಲಿ ನಿಂತೇ ನಿದ್ದೆ. ನೀರು ಮೊಣಕಾಲು ಮೀರಿದರೆ ನಿಲ್ಲಲಾಗದು, ಪೂರಾ ಆರಿದರೆ ನಾಯಿ-ನರಿಗಳ ಭಯ.

ಹಾಗಾಗಿ ಈ ಹಕ್ಕಿಗಳ ರಾತ್ರಿ ನಿಂತಿರುವುದು ನೀರಿನ ಅಳತೆಯ ಮೇಲೆ. ಆ ಅಳತೆ ಮೇಲೆ ಹಿಡಕಲ್ ಕೈಯಲ್ಲಿದೆ. 1977ರಲ್ಲಿ ಮುಗಿದ ರಾಜಾ ಲಖಮಗೌಡ ಜಲಾಶಯ ಸುಮಾರು 51 ಟಿ.ಎಂ.ಸಿ. ನೀರು ಹಿಡಿಯುತ್ತದೆ. ಅಲ್ಲಿಂದ ಕಾಲುವೆಗೆಂದು ಬಿಟ್ಟ ನೀರು ಧೂಪದಾಳದ ದಂಡೆಯನ್ನು ಏರಿಸುತ್ತದೆ, ಇಳಿಸುತ್ತದೆ. ಕಬ್ಬಿಗೆ ನೀರು ಕೇಳುವ ರೈತನದು ತಪ್ಪೆನ್ನಲಾರೆ. ಅವನಿಗಾಗಿಯೇ ತಾನೆ ಇದನ್ನು ಕಟ್ಟಿದ್ದು?

ಬಟ್ಲರ್ ಕಾಲದ ಹಕ್ಕಿಲೋಕಕ್ಕೂ ಇಂದಿನದಕ್ಕೂ ಇನ್ನೊಂದು ಅಂತರವಿದೆ. ಆಗ ದಖ್ಖನ್ ಬಯಲಲ್ಲಿದ್ದ ಎರೆಭೂತ ಈಗ ರಾಜ್ಯದಲ್ಲಿ ಸಿರುಗುಪ್ಪದ ಸುತ್ತ ಬೆರಳೆಣಿಕೆಯಷ್ಟು. ಊರೂರ ಮೇಲೆ ಸುತ್ತುತ್ತಿದ್ದ ರಣಹದ್ದುಗಳು 1990ರ ದಶಕದಿಂದ ಕುಸಿದುಹೋದವು. ದನಗಳಿಗೆ ಚುಚ್ಚುವ ಡೈಕ್ಲೋಫೆನಾಕ್ ಔಷಧವೇ ಕಾರಣವೆಂದು ತಿಳಿದದ್ದು 2004ರಲ್ಲಿ, ದನಗಳಿಗೆ ಅದರ ಬಳಕೆ ನಿಷೇಧವಾದದ್ದು 2006ರಲ್ಲಿ. ಒಂದು ಕಡೆ ಇದ್ದ ಹಕ್ಕಿ ಹೋಯಿತು, ಇನ್ನೊಂದು ಕಡೆ ಇಲ್ಲದ ಕೆರೆಗೆ ಹಕ್ಕಿ ಬಂತು.

ಸಂಜೆ ಮರಳುವ ಹೊತ್ತಿಗೆ ದಂಡೆಯಲ್ಲಿ ಬಲೆ ಸುತ್ತುತ್ತಿದ್ದವರೊಬ್ಬರನ್ನು ಈ ಸಲ ಹಕ್ಕಿ ಹೇಗೆ ಎಂದು ಕೇಳಿದೆ. ಅವರು ಹಕ್ಕಿಯ ಮಾತೇ ಎತ್ತಲಿಲ್ಲ. ಹೋದ ವಾರಕ್ಕಿಂತ ನೀರು ಎಷ್ಟು ಇಳಿದಿದೆ ಎಂದು ಒಡ್ಡಿನ ಕಲ್ಲಿನ ಮೇಲಿನ ತೇವದ ಗೆರೆಯನ್ನು ಬೆರಳಿಟ್ಟು ತೋರಿಸಿದರು.