ತರಕಾರಿ ಮಂಡಿ ಶಾಪಿಂಗ್ ತಾಣವಾದ ಕಥೆ: ಲಂಡನ್‌ನ ಕೋವೆಂಟ್ ಗಾರ್ಡನ್ ಉಳಿದದ್ದು ಹೇಗೆ?

ಸಗಟು ವ್ಯಾಪಾರ ಊರಾಚೆಗೆ ಹೋದ ಮೇಲೆ ಹಳೆಯ ಮಾರುಕಟ್ಟೆ ಕಟ್ಟಡವನ್ನು ಏನು ಮಾಡಬೇಕು? ಈ ಪ್ರಶ್ನೆ ಹಲವು ಮಹಾನಗರಗಳಿಗೆ ಎದುರಾಗಿದೆ. ಪ್ಯಾರಿಸ್‌ನಲ್ಲಿ ಲೆ ಹಾಲ್ ಮಾರುಕಟ್ಟೆಯ ಕಬ್ಬಿಣ-ಗಾಜಿನ ಮಂಟಪಗಳನ್ನು 1971ರಿಂದ ಕೆಡವಲಾಯಿತು. ಲಂಡನ್ನಿನ ಕೋವೆಂಟ್ ಗಾರ್ಡನ್ ಬೇರೆ ದಾರಿ ಹಿಡಿಯಿತು.

ಉಳಿಸಿದ್ದು ಯಾರು?

ಕೋವೆಂಟ್ ಗಾರ್ಡನ್‌ನಲ್ಲಿ ಮಾರುಕಟ್ಟೆ ನಡೆಸಲು 1670ರಲ್ಲೇ ರಾಜನ ಅನುಮತಿ ಸಿಕ್ಕಿತ್ತು. ಚಾರ್ಲ್ಸ್ ಫೌಲರ್ ವಿನ್ಯಾಸಗೊಳಿಸಿದ ಈಗಿನ ಕಟ್ಟಡ ಪೂರ್ಣಗೊಂಡದ್ದು 1830ರಲ್ಲಿ. ಲಾರಿಗಳ ದಟ್ಟಣೆ ಹೆಚ್ಚಿ, ಹಣ್ಣು, ತರಕಾರಿ, ಹೂವಿನ ವ್ಯಾಪಾರ 1974ರಲ್ಲಿ ನೈನ್ ಎಲ್ಮ್ಸ್‌ಗೆ ಸ್ಥಳಾಂತರವಾಯಿತು. ಅದಕ್ಕೂ ಮೊದಲೇ, ಸುತ್ತಲಿನ ಬಹುಪಾಲು ಕಟ್ಟಡಗಳನ್ನು ಕೆಡವಿ ರಸ್ತೆ, ಕಚೇರಿಗಳನ್ನು ಕಟ್ಟುವ ಯೋಜನೆ ಸಿದ್ಧವಾಗಿತ್ತು. ಸ್ಥಳೀಯ ನಿವಾಸಿಗಳು ಹೋರಾಟಕ್ಕಿಳಿದರು. 1973ರಲ್ಲಿ ಸರ್ಕಾರ ಆ ಪ್ರದೇಶದ ಸುಮಾರು 250 ಕಟ್ಟಡಗಳನ್ನು ಸಂರಕ್ಷಿತ ಪಟ್ಟಿಗೆ ಸೇರಿಸಿತು. ಯೋಜನೆ ಅಲ್ಲಿಗೆ ನಿಂತಿತು.

ಬದಲಾದದ್ದೇನು?

ಕಟ್ಟಡವನ್ನು ದುರಸ್ತಿ ಮಾಡಿ 1980ರಲ್ಲಿ ಮತ್ತೆ ತೆರೆಯಲಾಯಿತು. ಹಳೆಯ ಸಣ್ಣ ಮಳಿಗೆಗಳನ್ನು ಒಡೆದು ದೊಡ್ಡ ಅಂಗಡಿ ಮಾಡದೆ ಹಾಗೆಯೇ ಉಳಿಸಿಕೊಂಡರು. ಕೆಳಗಿನ ನೆಲಮಾಳಿಗೆಯ ಮೇಲ್ಭಾಗವನ್ನು ತೆರೆದು ಬೆಳಕು ಬೀಳುವಂತೆ ಮಾಡಿದ್ದರಿಂದ ಎರಡು ಹಂತಗಳಲ್ಲಿ ಅಂಗಡಿ, ಹೋಟೆಲ್‌ಗಳಿಗೆ ಜಾಗ ಸಿಕ್ಕಿತು. ಪಕ್ಕದ ಹೂವಿನ ಮಾರುಕಟ್ಟೆ ಸಾರಿಗೆ ವಸ್ತುಸಂಗ್ರಹಾಲಯವಾಯಿತು. ಹೊರಗಿನ ಚೌಕ ಬೀದಿ ಕಲಾವಿದರ ವೇದಿಕೆಯಾಯಿತು.

ಆದರೆ ಕಳೆದುಕೊಂಡದ್ದೂ ಇದೆ. ಹಮಾಲರು, ಮಂಡಿ ವ್ಯಾಪಾರಿಗಳು ಹೋದರು; ಪ್ರವಾಸಿಗರು, ದುಬಾರಿ ಬ್ರ್ಯಾಂಡ್‌ಗಳು ಬಂದರು. ಕಟ್ಟಡ ಉಳಿಯಿತು, ತರಕಾರಿ ಪೇಟೆ ಉಳಿಯಲಿಲ್ಲ.

ಮುಂಬೈಯ ಉದಾಹರಣೆ

ಮುಂಬೈ ಕನ್ನಡಿಗರಿಗೆ ಚಿರಪರಿಚಿತವಾದ ಕ್ರಾಫರ್ಡ್ ಮಾರುಕಟ್ಟೆಯನ್ನು ಇದರೊಂದಿಗೆ ಹೋಲಿಸಬಹುದು. 1869ರಲ್ಲಿ ಪೂರ್ಣಗೊಂಡ, ಈಗ ಮಹಾತ್ಮಾ ಜ್ಯೋತಿಬಾ ಫುಲೆ ಹೆಸರಿರುವ ಈ ಮಾರುಕಟ್ಟೆಯಿಂದಲೂ 1996ರಲ್ಲಿ ಸಗಟು ವ್ಯಾಪಾರ ನವಿ ಮುಂಬೈಗೆ ಹೋಯಿತು. ಆದರೆ ಚಿಲ್ಲರೆ ವ್ಯಾಪಾರಿಗಳು ಉಳಿದರು. ಹಾಗಾಗಿ ಅಲ್ಲಿ ಇಂದಿಗೂ ಮಾವಿನ ಕಾಲದಲ್ಲಿ ಮಾವು ಸಿಗುತ್ತದೆ.

ಹಳೆಯ ಮಾರುಕಟ್ಟೆಗೆ ಹೊಸ ರೂಪ ಕೊಡುವಾಗ ಗೋಡೆ, ಚಾವಣಿ, ಗಡಿಯಾರ ಗೋಪುರದಷ್ಟೇ ಮುಖ್ಯವಾದದ್ದು ಬಾಡಿಗೆ. ದುರಸ್ತಿಯ ನಂತರ ಹಳೆಯ ವ್ಯಾಪಾರಿಗೆ ಅದೇ ಮಳಿಗೆ, ಕೈಗೆಟುಕುವ ಬಾಡಿಗೆಗೆ ಮರಳಿ ಸಿಗುತ್ತದೆಯೇ ಎಂಬುದು ಕೆಲಸ ಶುರುವಾಗುವ ಮೊದಲೇ ಕರಾರಿನಲ್ಲಿ ಬರೆದಿರಬೇಕು. ಇಲ್ಲದಿದ್ದರೆ ಉಳಿಯುವುದು ಮಾರುಕಟ್ಟೆಯ ಹೆಸರು ಮಾತ್ರ.