ಥರ್ಮಲ್ ಉಡುಪುಗಳ ಒಗೆತ ಮತ್ತು ನಿರ್ವಹಣೆ

ಥರ್ಮಲ್ ಉಡುಪುಗಳು ಚಳಿಯಲ್ಲಿ ದೇಹದ ಶಾಖವನ್ನು ಉಳಿಸಿಕೊಳ್ಳಲು ಮೈಗೆ ತಾಗುವಂತೆ ಧರಿಸುವ ಒಳ ಉಡುಪುಗಳು. ಉದ್ದ ತೋಳಿನ ಬನಿಯನ್ ಮತ್ತು ಕಣಕಾಲಿನವರೆಗೆ ಬರುವ ಬಿಗಿಯಾದ ಪೈಜಾಮ ಇವುಗಳ ಸಾಮಾನ್ಯ ರೂಪ. ಇವನ್ನು ಮೆರಿನೊ ಉಣ್ಣೆ, ರೇಷ್ಮೆ, ಹತ್ತಿ, ಪಾಲಿಯೆಸ್ಟರ್, ಪಾಲಿಪ್ರೊಪಿಲೀನ್, ಅಕ್ರಿಲಿಕ್ ಮೊದಲಾದ ನಾರುಗಳಿಂದ ಅಥವಾ ಅವುಗಳ ಮಿಶ್ರಣದಿಂದ ತಯಾರಿಸಲಾಗುತ್ತದೆ. ಬೆಚ್ಚಗಿಡುವ ಗುಣವು ಬಟ್ಟೆಯ ರಚನೆಯನ್ನು ಅವಲಂಬಿಸಿರುತ್ತದೆ. ಆದ್ದರಿಂದ ಒಗೆಯುವ, ಒಣಗಿಸುವ ಅಥವಾ ಎತ್ತಿಡುವ ಕ್ರಮ ತಪ್ಪಿದರೆ ಉಡುಪು ಹರಿಯದಿದ್ದರೂ ಅದರ ಉಪಯುಕ್ತತೆ ಕುಂದುತ್ತದೆ.

ಶಾಖ ಉಳಿಯುವ ಬಗೆ

ಥರ್ಮಲ್ ಉಡುಪು ಬೆಚ್ಚಗಿಡಲು ಮುಖ್ಯ ಕಾರಣ ಅದರ ಎಳೆಗಳ ನಡುವೆ ಸಿಲುಕಿರುವ ನಿಶ್ಚಲ ಗಾಳಿ. ಗಾಳಿಯ ಉಷ್ಣವಾಹಕತೆ ಬಹಳ ಕಡಿಮೆ; ನೀರಿನ ಉಷ್ಣವಾಹಕತೆ ಅದಕ್ಕಿಂತ ಇಪ್ಪತ್ತು ಪಟ್ಟಿಗೂ ಹೆಚ್ಚು. ಹೀಗಾಗಿ ಎಳೆಗಳ ನಡುವಿನ ಗಾಳಿಯ ಜಾಗವನ್ನು ಬೆವರು ತುಂಬಿಕೊಂಡರೆ ಶಾಖವು ವೇಗವಾಗಿ ಹೊರಹೋಗುತ್ತದೆ. ಬಟ್ಟೆ ಚಪ್ಪಟೆಯಾದರೆ ಅಥವಾ ಸಡಿಲವಾಗಿ ಜೋತುಬಿದ್ದರೂ ನಿಶ್ಚಲ ಗಾಳಿಯ ಪದರ ಉಳಿಯುವುದಿಲ್ಲ. ಪರ್ವತಾರೋಹಣದಂತಹ ಸಂದರ್ಭಗಳಲ್ಲಿ ಒದ್ದೆ ಒಳ ಉಡುಪು ಅಪಾಯಕಾರಿ. ದೇಹದ ಒಳತಾಪಮಾನ 35 ಡಿಗ್ರಿ ಸೆಲ್ಸಿಯಸ್‌ಗಿಂತ ಕೆಳಗಿಳಿಯುವ ಸ್ಥಿತಿಯನ್ನು ಹೈಪೋಥರ್ಮಿಯಾ ಎನ್ನುತ್ತಾರೆ; ಇದು ಪ್ರಾಣಕ್ಕೆ ಎರವಾಗಬಲ್ಲದು.

ನಾರುಗಳು ಮತ್ತು ಹಾನಿಯ ಕಾರಣಗಳು

ಉಣ್ಣೆ: ಉಣ್ಣೆಯು ಕೆರಾಟಿನ್ ಎಂಬ ಪ್ರೋಟೀನಿನಿಂದಾದ ನಾರು. ಇದರ ಮೇಲ್ಮೈಯಲ್ಲಿ ಒಂದೇ ದಿಕ್ಕಿಗೆ ಮುಖ ಮಾಡಿದ ಸೂಕ್ಷ್ಮ ಹುರುಪೆಗಳಿರುತ್ತವೆ. ಒದ್ದೆಯಾದ ಉಣ್ಣೆಯನ್ನು ಉಜ್ಜಿದಾಗ ಎಳೆಗಳು ಒಂದೇ ದಿಕ್ಕಿನಲ್ಲಿ ಜರುಗಿ, ಹುರುಪೆಗಳು ಪರಸ್ಪರ ಸಿಕ್ಕಿಕೊಂಡು ಬಿಡಿಸಲಾಗದಂತೆ ಹೆಣೆದುಕೊಳ್ಳುತ್ತವೆ. ಬಿಸಿನೀರು ಮತ್ತು ಕ್ಷಾರ ಈ ಕ್ರಿಯೆಯನ್ನು ತೀವ್ರಗೊಳಿಸುತ್ತವೆ. ಇದನ್ನು ಫೆಲ್ಟಿಂಗ್ ಎನ್ನುತ್ತಾರೆ. ಹೀಗೆ ಕುಗ್ಗಿ ಗಟ್ಟಿಯಾದ ಬಟ್ಟೆ ಮೂಲಸ್ಥಿತಿಗೆ ಮರಳುವುದಿಲ್ಲ. ಯಂತ್ರದಲ್ಲಿ ಒಗೆಯಬಹುದಾದ ಉಣ್ಣೆಯಲ್ಲಿ ರಾಸಾಯನಿಕ ಸಂಸ್ಕರಣೆಯಿಂದ ಹುರುಪೆಗಳನ್ನು ಸವೆಸಲಾಗಿರುತ್ತದೆ ಅಥವಾ ತೆಳುವಾದ ಪಾಲಿಮರ್ ಲೇಪನದಿಂದ ಮುಚ್ಚಲಾಗಿರುತ್ತದೆ.

ರೇಷ್ಮೆ: ರೇಷ್ಮೆಯೂ ಪ್ರೋಟೀನ್ ನಾರು. ಕಲೆ ತೆಗೆಯಲು ಹಲವು ಮಾರ್ಜಕಗಳಿಗೆ ಸೇರಿಸುವ ಪ್ರೋಟಿಯೇಸ್ ಕಿಣ್ವವು ಪ್ರೋಟೀನನ್ನು ಒಡೆಯುತ್ತದೆ. ಅದು ಬೆವರು ಮತ್ತು ರಕ್ತದ ಕಲೆಗಳ ಜೊತೆಗೆ ರೇಷ್ಮೆ ಮತ್ತು ಉಣ್ಣೆಯ ಎಳೆಗಳನ್ನೂ ದುರ್ಬಲಗೊಳಿಸುತ್ತದೆ. ಕ್ಲೋರಿನ್‌ಯುಕ್ತ ಬ್ಲೀಚ್ ಇವೆರಡಕ್ಕೂ ಹಾನಿಕರ.

ಕೃತಕ ನಾರುಗಳು: ಪಾಲಿಯೆಸ್ಟರ್ ಮತ್ತು ಪಾಲಿಪ್ರೊಪಿಲೀನ್ ನೀರನ್ನು ಬಹುತೇಕ ಹೀರಿಕೊಳ್ಳುವುದಿಲ್ಲ. ಅವುಗಳಿಂದಾದ ಬಟ್ಟೆಯಲ್ಲಿ ಬೆವರು ಎಳೆಗಳ ಮೇಲ್ಮೈಯಲ್ಲೇ ಹರಡಿ ಬೇಗ ಆರುತ್ತದೆ. ಆದರೆ ಮೈಯ ಜಿಡ್ಡು ಈ ನಾರುಗಳಿಗೆ ಅಂಟಿಕೊಳ್ಳುವುದರಿಂದ ವಾಸನೆ ಉಳಿಯುತ್ತದೆ. ಬಟ್ಟೆ ಮೃದುಗೊಳಿಸುವ ದ್ರಾವಣವು ಎಳೆಗಳ ಮೇಲೆ ಜಿಡ್ಡಿನಂತಹ ಪದರವನ್ನು ಬಿಡುತ್ತದೆ. ಇದರಿಂದ ಬೆವರನ್ನು ಸಾಗಿಸುವ ಗುಣ ಕುಗ್ಗುತ್ತದೆ. ಪಾಲಿಪ್ರೊಪಿಲೀನ್ ಸುಮಾರು 160 ಡಿಗ್ರಿ ಸೆಲ್ಸಿಯಸ್‌ನಲ್ಲಿ ಕರಗುತ್ತದೆ ಮತ್ತು ಅದಕ್ಕಿಂತ ಕಡಿಮೆ ಶಾಖದಲ್ಲೇ ಮುದುಡುತ್ತದೆ. ಹಿಗ್ಗುವ ಗುಣಕ್ಕಾಗಿ ಸೇರಿಸುವ ಇಲಾಸ್ಟೇನ್ ಎಳೆಗಳು ಅಧಿಕ ಶಾಖ ಮತ್ತು ಕ್ಲೋರಿನ್‌ನಿಂದ ತಮ್ಮ ಬಿಗಿತವನ್ನು ಕಳೆದುಕೊಳ್ಳುತ್ತವೆ.

ಹತ್ತಿ: ಹತ್ತಿಯನ್ನು ಒಗೆಯುವುದು ಸುಲಭ. ಆದರೆ ಅದು ಬೆವರನ್ನು ಹೀರಿ ನಿಧಾನವಾಗಿ ಆರುವುದರಿಂದ ಶ್ರಮದ ಕೆಲಸ ಮತ್ತು ತೀವ್ರ ಚಳಿಗೆ ಸೂಕ್ತವಲ್ಲ.

ಆರೈಕೆ ಚಿಹ್ನೆಗಳು

ಉಡುಪಿನ ಒಳಭಾಗದಲ್ಲಿ ಹೊಲಿದಿರುವ ಚೀಟಿಯಲ್ಲಿನ ಚಿಹ್ನೆಗಳು ಐಎಸ್ಒ 3758 ಎಂಬ ಅಂತರರಾಷ್ಟ್ರೀಯ ಮಾನಕದಲ್ಲಿ ನಿರೂಪಿತವಾಗಿವೆ. ಅವುಗಳ ಅರ್ಥ ಹೀಗಿದೆ:

• ನೀರಿನ ತೊಟ್ಟಿ: ಒಗೆತ. ಒಳಗಿರುವ ಸಂಖ್ಯೆಯು ನೀರಿನ ಗರಿಷ್ಠ ತಾಪಮಾನವನ್ನೂ, ಕೈಯ ಚಿತ್ರವು ಕೈಯಲ್ಲೇ ಒಗೆಯಬೇಕೆಂಬುದನ್ನೂ ಸೂಚಿಸುತ್ತದೆ.
• ತ್ರಿಕೋನ: ಬ್ಲೀಚ್ ಬಳಕೆ.
• ಚೌಕ: ಒಣಗಿಸುವಿಕೆ. ಚೌಕದೊಳಗಿನ ವೃತ್ತವು ಒಣಗಿಸುವ ಯಂತ್ರವನ್ನೂ, ಅಡ್ಡಗೆರೆಯು ಹಾಸಿ ಒಣಗಿಸಬೇಕೆಂಬುದನ್ನೂ ತಿಳಿಸುತ್ತದೆ.
• ಇಸ್ತ್ರಿಪೆಟ್ಟಿಗೆ: ಒಂದು ಚುಕ್ಕೆಯಿದ್ದರೆ ಗರಿಷ್ಠ 120 ಡಿಗ್ರಿ, ಎರಡಿದ್ದರೆ 160 ಡಿಗ್ರಿ, ಮೂರಿದ್ದರೆ 210 ಡಿಗ್ರಿ ಸೆಲ್ಸಿಯಸ್.
• ವೃತ್ತ: ಡ್ರೈ ಕ್ಲೀನಿಂಗ್ ಮೊದಲಾದ ವೃತ್ತಿಪರ ಶುಚಿಗೊಳಿಸುವಿಕೆ.

ಯಾವುದೇ ಚಿಹ್ನೆಯ ಮೇಲೆ ಕತ್ತರಿ ಗುರುತಿದ್ದರೆ ಆ ಕ್ರಿಯೆ ನಿಷಿದ್ಧ. ಕೆಳಗಿನ ಒಂದು ಗೆರೆಯು ಸೌಮ್ಯ ಕ್ರಮವನ್ನು ಸೂಚಿಸುತ್ತದೆ. ಮಿಶ್ರ ನಾರಿನ ಉಡುಪುಗಳಿಗೆ ಅದರಲ್ಲಿರುವ ಅತಿ ಸೂಕ್ಷ್ಮ ನಾರಿಗೆ ಒಪ್ಪುವ ಕ್ರಮವೇ ಅನ್ವಯಿಸುತ್ತದೆ.

ಒಗೆಯುವ ವಿಧಾನ

ಉಣ್ಣೆಯ ಥರ್ಮಲ್‌ಗಳನ್ನು ಪ್ರತಿ ಬಾರಿ ಧರಿಸಿದ ನಂತರ ಒಗೆಯುವ ಅಗತ್ಯವಿಲ್ಲ. ನೆರಳಿನಲ್ಲಿ ಗಾಳಿಗೆ ಹರವಿದರೆ ವಾಸನೆ ಬಹುಮಟ್ಟಿಗೆ ಹೋಗುತ್ತದೆ. ಒಗೆಯುವಾಗ 30 ಡಿಗ್ರಿ ಸೆಲ್ಸಿಯಸ್ ಮೀರದ ನೀರು ಮತ್ತು ಕಿಣ್ವರಹಿತ, ಕ್ಷಾರಗುಣ ಕಡಿಮೆಯಿರುವ ಮಾರ್ಜಕ ಸೂಕ್ತ. ಬಟ್ಟೆಯನ್ನು ಕೆಲವು ನಿಮಿಷ ನೆನೆಸಿ ಮೆಲ್ಲಗೆ ಅದುಮಬೇಕು. ಕಲ್ಲಿನ ಮೇಲೆ ಬಡಿಯುವುದು, ಬ್ರಷ್‌ನಿಂದ ಉಜ್ಜುವುದು ಸಲ್ಲದು. ಜಾಲಿಸುವ ನೀರು ಒಗೆದ ನೀರಿನಷ್ಟೇ ಬೆಚ್ಚಗಿರುವುದು ಒಳಿತು. ಭಾರತದಲ್ಲಿ ಉಣ್ಣೆ ಮತ್ತು ರೇಷ್ಮೆ ಬಟ್ಟೆಗಳಿಗೆ ಹಿಂದಿನಿಂದಲೂ ಬಳಸುತ್ತ ಬಂದಿರುವ ಅಂಟುವಾಳದ ಕಾಯಿಯಲ್ಲಿ ಸಪೋನಿನ್ ಎಂಬ ನೊರೆಕಾರಕವಿದೆ. ಅದರಲ್ಲಿ ವಾಷಿಂಗ್ ಸೋಡದಂತಹ ತೀಕ್ಷ್ಣ ಕ್ಷಾರವಿಲ್ಲ.

ಕೃತಕ ನಾರಿನ ಉಡುಪುಗಳನ್ನು ಬೆವರಿದ ನಂತರ ತಡಮಾಡದೆ, ಒಳಮೈ ಹೊರಗೆ ಮಾಡಿ ಒಗೆಯಬೇಕು. ಇದರಿಂದ ಮೈಗೆ ತಾಗಿದ ಭಾಗ ಚೆನ್ನಾಗಿ ಶುಚಿಯಾಗುತ್ತದೆ ಮತ್ತು ಹೊರಮೈಯಲ್ಲಿ ಎಳೆಗಳು ಗುಂಜುಗಟ್ಟುವುದು ಕಡಿಮೆಯಾಗುತ್ತದೆ. ಕೊಳವೆಬಾವಿಯ ಗಡಸು ನೀರಿನಲ್ಲಿ ಸಾಬೂನು ಬಳಸಿದರೆ ಕ್ಯಾಲ್ಸಿಯಂ ಮತ್ತು ಮೆಗ್ನೀಸಿಯಂ ಲವಣಗಳೊಡನೆ ಸೇರಿ ಕರಗದ ಗಸಿ ಉಂಟಾಗಿ ಎಳೆಗಳ ನಡುವೆ ಕೂರುತ್ತದೆ. ಅಂತಹ ಕಡೆ ದ್ರವ ಮಾರ್ಜಕ ಉತ್ತಮ.

ಒಣಗಿಸುವಿಕೆ

ಒದ್ದೆ ಉಣ್ಣೆಯನ್ನು ತಿರುಚಿ ಹಿಂಡಬಾರದು. ದಪ್ಪ ಟವೆಲ್ ಮೇಲೆ ಹರವಿ, ಸುರುಳಿ ಸುತ್ತಿ ಅದುಮಿದರೆ ಹೆಚ್ಚಿನ ನೀರು ಟವೆಲ್‌ಗೆ ಇಳಿಯುತ್ತದೆ. ಬಳಿಕ ಆಕಾರ ಸರಿಪಡಿಸಿ ನೆರಳಿನಲ್ಲಿ ಹಾಸಿ ಒಣಗಿಸಲಾಗುತ್ತದೆ. ಹಗ್ಗಕ್ಕೆ ನೇತುಹಾಕಿದರೆ ನೀರಿನ ಭಾರಕ್ಕೆ ಹೆಣಿಗೆ ಜಗ್ಗುತ್ತದೆ. ತೀಕ್ಷ್ಣ ಬಿಸಿಲು ಉಣ್ಣೆ ಮತ್ತು ರೇಷ್ಮೆಯನ್ನು ಹಳದಿಗಟ್ಟಿಸುತ್ತದೆ. ಕೃತಕ ನಾರಿನ ಉಡುಪುಗಳನ್ನು ನೇತುಹಾಕಬಹುದು. ಆದರೆ ಹೀಟರ್ ಅಥವಾ ಒಲೆಯ ಸಮೀಪ ಇಡಬಾರದು.

ಎತ್ತಿಡುವಿಕೆ

ಕರ್ನಾಟಕದಂತಹ ಪ್ರದೇಶಗಳಲ್ಲಿ, ಹಿಮಾಲಯ ಚಾರಣಕ್ಕೆ ಅಥವಾ ಶೀತದೇಶಗಳ ಪ್ರಯಾಣಕ್ಕೆ ಕೊಂಡ ಥರ್ಮಲ್‌ಗಳು ವರ್ಷದ ಬಹುಭಾಗ ಕಪಾಟಿನಲ್ಲೇ ಇರುತ್ತವೆ. ಉಣ್ಣೆಬಟ್ಟೆಯನ್ನು ತೂತು ಮಾಡುವುದು ನುಸಿಯ ಮರಿಹುಳು. ರೆಕ್ಕೆ ಬಂದ ನುಸಿ ಬಟ್ಟೆಯನ್ನು ತಿನ್ನುವುದಿಲ್ಲ. ಬೆವರು ಮತ್ತು ಆಹಾರದ ಕಲೆಗಳಿರುವ ಜಾಗಕ್ಕೆ ಹುಳುಗಳು ಹೆಚ್ಚಾಗಿ ಮುತ್ತುವುದರಿಂದ, ಒಗೆದು ಸಂಪೂರ್ಣ ಒಣಗಿಸಿದ ಬಟ್ಟೆಯನ್ನು ಮಾತ್ರ ಮುಚ್ಚಿಡಬೇಕು. ತೇವ ಉಳಿದರೆ ಮಳೆಗಾಲದಲ್ಲಿ ಬೂಷ್ಟು ಹಿಡಿಯುತ್ತದೆ. ಹುಳು ಬಿದ್ದ ಉಡುಪನ್ನು ಪ್ಲಾಸ್ಟಿಕ್ ಚೀಲದಲ್ಲಿ ಬಿಗಿಯಾಗಿ ಕಟ್ಟಿ, ಮೈನಸ್ 18 ಡಿಗ್ರಿ ಸೆಲ್ಸಿಯಸ್‌ನ ಫ್ರೀಜರ್‌ನಲ್ಲಿ ಸುಮಾರು ಎರಡು ವಾರ ಇಟ್ಟರೆ ಮೊಟ್ಟೆ ಮತ್ತು ಹುಳುಗಳು ಸಾಯುತ್ತವೆ.

ನ್ಯಾಫ್ತಲೀನ್ ನುಸಿಗುಳಿಗೆಗಳ ಆವಿ ವಿಷಕಾರಿ. ಜಿ6ಪಿಡಿ ಕಿಣ್ವದ ಕೊರತೆಯಿರುವ ನವಜಾತ ಶಿಶುಗಳಿಗೆ ಈ ಗುಳಿಗೆಗಳೊಂದಿಗೆ ಇಟ್ಟಿದ್ದ ಬಟ್ಟೆಗಳನ್ನು ತೊಡಿಸಿದಾಗ ಅಥವಾ ಹೊದಿಸಿದಾಗ ಕೆಂಪು ರಕ್ತಕಣಗಳು ಒಡೆದು ತೀವ್ರ ಕಾಮಾಲೆ ಉಂಟಾದ ಪ್ರಕರಣಗಳು ದಾಖಲಾಗಿವೆ. ಆದ್ದರಿಂದ ಶಿಶುಗಳ ಉಡುಪುಗಳೊಂದಿಗೆ ಇವುಗಳನ್ನು ಇಡಬಾರದು.

ಪರಿಸರದ ಮೇಲಿನ ಪರಿಣಾಮ

ಕೃತಕ ನಾರಿನ ಉಡುಪುಗಳು ಪ್ರತಿ ಒಗೆತದಲ್ಲೂ ಸೂಕ್ಷ್ಮ ಪ್ಲಾಸ್ಟಿಕ್ ಎಳೆಗಳನ್ನು ನೀರಿಗೆ ಬಿಡುತ್ತವೆ. ಇವುಗಳಲ್ಲಿ ಒಂದಷ್ಟು ತ್ಯಾಜ್ಯನೀರಿನ ಮೂಲಕ ನದಿ ಮತ್ತು ಸಮುದ್ರಗಳನ್ನು ಸೇರುತ್ತವೆ. ತಣ್ಣೀರಿನ ಬಳಕೆ, ಅಲ್ಪಾವಧಿಯ ಸೌಮ್ಯ ಒಗೆತ, ಯಂತ್ರದ ತುಂಬ ಬಟ್ಟೆ ಹಾಕಿ ಒಗೆಯುವುದು ಹಾಗೂ ಎಳೆ ಹಿಡಿಯುವ ಸೋಸುಚೀಲಗಳಿಂದ ಈ ಪ್ರಮಾಣವನ್ನು ತಗ್ಗಿಸಬಹುದು.