ಮನೆಯಲ್ಲಿ ಎರಡು ಭಾಷೆ ಇದ್ದರೆ ಮಗುವಿಗೆ ಮಾತು ತಡವಾಗುತ್ತದೆಯೇ?

ತಂದೆಯದು ಕನ್ನಡ, ತಾಯಿಯದು ತಮಿಳು, ಮನೆ ಬೆಂಗಳೂರಿನಲ್ಲಿ. ಇಂಥ ಮನೆಯ ಮಗು ಎರಡು ವರ್ಷವಾದರೂ ಸರಿಯಾಗಿ ಮಾತಾಡದಿದ್ದರೆ, “ಎರಡು ಭಾಷೆ ಕಲಿಸಿ ಮಗುವನ್ನು ಗೊಂದಲಕ್ಕೆ ದೂಡಬೇಡಿ, ಒಂದನ್ನು ಬಿಟ್ಟುಬಿಡಿ” ಎಂಬ ಸಲಹೆ ಬರುವುದು ಸಾಮಾನ್ಯ. ಈ ಸಲಹೆಗೆ ವೈಜ್ಞಾನಿಕ ಆಧಾರವಿಲ್ಲ.

ನಂಬಿಕೆ ಹುಟ್ಟಿದ್ದು ಹೇಗೆ?

20ನೇ ಶತಮಾನದ ಆರಂಭದ ಅನೇಕ ಬುದ್ಧಿಮತ್ತೆ ಪರೀಕ್ಷೆಗಳಲ್ಲಿ ಎರಡು ಭಾಷೆಯ ಮಕ್ಕಳು ಹಿಂದೆ ಬಿದ್ದಿದ್ದರು. ಆದರೆ ಅವುಗಳಲ್ಲಿ ಬಡತನ, ಶಾಲೆ, ಪರೀಕ್ಷೆಯ ಭಾಷೆ ಇವುಗಳ ವ್ಯತ್ಯಾಸವನ್ನು ಸರಿಯಾಗಿ ಲೆಕ್ಕಕ್ಕೆ ತೆಗೆದುಕೊಂಡಿರಲಿಲ್ಲ. 1962ರಲ್ಲಿ ಎಲಿಜಬೆತ್ ಪೀಲ್ ಮತ್ತು ವ್ಯಾಲೇಸ್ ಲ್ಯಾಂಬರ್ಟ್ ಕೆನಡಾದ ಮಾಂಟ್ರಿಯಲ್‌ನಲ್ಲಿ ಒಂದೇ ಬಗೆಯ ಹಿನ್ನೆಲೆಯ ಮಕ್ಕಳನ್ನು ಹೋಲಿಸಿದಾಗ, ಎರಡು ಭಾಷೆ ಬಲ್ಲವರು ಹಿಂದುಳಿದಿರಲಿಲ್ಲ.

ಪದ ಎಣಿಸುವುದು ಹೇಗೆ?

ಮಗುವಿಗೆ 30 ಕನ್ನಡ ಪದ, 25 ತಮಿಳು ಪದ ಬರುತ್ತವೆ ಎನ್ನಿ. ಕನ್ನಡ ಮಾತ್ರ ಬಲ್ಲ ಅಜ್ಜಿಗೆ 30 ಮಾತ್ರ ಕೇಳಿಸುತ್ತದೆ. ನಿಜವಾದ ಲೆಕ್ಕ 55. ‘ಹಾಲು’, ‘ಪಾಲ್’ ಎರಡೂ ಮಗು ಕಲಿತ ಪದಗಳೇ. ಹಾಗೆಯೇ “ತಣ್ಣಿ ಬೇಕು” ಎಂಬ ಬೆರಕೆ ಮಾತು ಗೊಂದಲದ ಗುರುತಲ್ಲ. ಒಂದು ಭಾಷೆಯ ಪದ ಕೈಗೆ ಸಿಗದಾಗ ಮಗು ಇನ್ನೊಂದರಿಂದ ತೆಗೆದುಕೊಳ್ಳುತ್ತದೆ. ದೊಡ್ಡವರೂ ಮಾಡುವುದು ಅದನ್ನೇ.

ಮನೆಯಲ್ಲಿ ಏನು ಮಾಡಬೇಕು?

ತಂದೆ ಒಂದು ಭಾಷೆ, ತಾಯಿ ಇನ್ನೊಂದು ಭಾಷೆ ಆಡುವ ಕ್ರಮ ಹಳೆಯದು. ಫ್ರೆಂಚ್ ಭಾಷಾವಿಜ್ಞಾನಿ ಜೂಲ್ ರೊಂಜಾ ತಮ್ಮ ಮಗ ಹೀಗೆ ಫ್ರೆಂಚ್, ಜರ್ಮನ್ ಎರಡನ್ನೂ ಕಲಿತದ್ದನ್ನು 1913ರಲ್ಲೇ ಪುಸ್ತಕವಾಗಿ ಬರೆದಿದ್ದಾರೆ. ಆದರೆ ಇದು ಕಡ್ಡಾಯವಲ್ಲ. ಮುಖ್ಯವಾದದ್ದು ದಿನವೂ ಕಿವಿಗೆ ಬೀಳುವ ಮಾತಿನ ಪ್ರಮಾಣ. ಟಿವಿಯ ಮಾತಿಗಿಂತ ಮಗುವಿನ ಮುಖ ನೋಡಿ ಆಡುವ ಮಾತು ಹೆಚ್ಚು ಕಲಿಸುತ್ತದೆ. ಬೀದಿಯಲ್ಲೂ ಶಾಲೆಯಲ್ಲೂ ಕೇಳಿಸದ ಭಾಷೆಗೆ ಮನೆಯಲ್ಲಿ ಹೆಚ್ಚು ಸಮಯ ಕೊಡಿ. ಮೊದಲು ಮರೆಯಾಗುವುದು ಅದೇ.

ಯಾವಾಗ ವೈದ್ಯರನ್ನು ಕಾಣಬೇಕು?

ಮಗು ಸದ್ದಿಗೆ ತಿರುಗದಿದ್ದರೆ, ಒಂದು ವರ್ಷವಾದರೂ ಹೆಸರು ಕರೆದಾಗ ಓಗೊಡದಿದ್ದರೆ, ಎರಡು ವರ್ಷವಾದರೂ ಎರಡೂ ಭಾಷೆ ಸೇರಿ ಸುಮಾರು 50 ಪದ ಬಾರದಿದ್ದರೆ ಅಥವಾ ಎರಡು ಪದ ಜೋಡಿಸಿ ಆಡದಿದ್ದರೆ ಕಾಯಬೇಡಿ. ಮೊದಲು ಶ್ರವಣ ಪರೀಕ್ಷೆ ಮಾಡಿಸಿ. ಮೈಸೂರಿನ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆಯಲ್ಲಿ ಈ ಸೌಲಭ್ಯವಿದೆ.

ಕಿವಿಯಲ್ಲಿ ತೊಂದರೆಯಿದ್ದರೆ ಭಾಷೆಯೊಂದನ್ನು ಬಿಟ್ಟು ಪ್ರಯೋಜನವಿಲ್ಲ. ಮಗು ಆ ಭಾಷೆಯನ್ನೂ ಕಳೆದುಕೊಳ್ಳುತ್ತದೆ, ಚಿಕಿತ್ಸೆಗೆ ಬೇಕಾದ ಅಮೂಲ್ಯ ತಿಂಗಳುಗಳನ್ನೂ ಕಳೆದುಕೊಳ್ಳುತ್ತದೆ.